ಬಸಳೆಗೆ ಬಿದ್ದ ಬಿಸಿಲು

ಕೆಂಟನ್, ಲಂಡನ್
ಸೆಪ್ಟೆಂಬರ್ ೬, ೨೦೨೫, ಶನಿವಾರ

ಪ್ರೀತಿಯ ಗುಲಾಬಿ,

ಮೊದಲು ನಿನ್ನ ಸೊಂಟದ ಸಮಾಚಾರ ಹೇಳು. ದಿನಾ ಬೆಳಿಗ್ಗೆ ನೀರು ಕಾಯಿಸಿ ಬಾಣಂತಿಯನ್ನು ಮೀಯಿಸುವುದು, ಆಮೇಲೆ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎಣ್ಣೆ ತಿಕ್ಕುವುದು, ಅದು ಮುಗಿಯುವ ಮೊದಲೇ ಒಲೆಯ ಮುಂದೆ ಓಡುವುದು, ಇದೆಲ್ಲ ಮಾಡುವ ವಯಸ್ಸು ನಿನ್ನದಲ್ಲ. ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಳಿಯ ಸಂದೇಶನಿಗೆ ಬಕೆಟ್ ಎತ್ತಲು ಹೇಳು. ಜಿಮ್ಮಿನಲ್ಲಿ ಕಬ್ಬಿಣ ಎತ್ತುವವನಿಗೆ ಒಂದು ಬಕೆಟ್ ನೀರು ಭಾರವಾಗಲಿಕ್ಕಿಲ್ಲ. ಪ್ರೇಕ್ಷಾ ಹೊಟ್ಟೆ ತುಂಬ ಉಣ್ಣುತ್ತಾಳಾ? ಮಗುವಿಗೆ ಹಾಲು ಸಾಲುತ್ತದಾ? ಫೋನಿನಲ್ಲಿ ನನಗೆ ಮೊಮ್ಮಗಳ ಹಣೆ ಮಾತ್ರ ಕಾಣುತ್ತದೆ, ನೀನು ಫೋನು ಹಿಡಿಯುವ ಚಂದಕ್ಕೆ.

ನನ್ನದೇನೂ ವಿಶೇಷವಿಲ್ಲ. ಮಂಡಿನೋವಿಗೆಂದು ಜಿಪಿ ಡಾಕ್ಟರರ ಹತ್ತಿರ ಹೋಗಿದ್ದೆ. ನಡೆದರೆ ನೋಯುತ್ತದೆ ಎಂದು ಹೇಳಲು ಹೋದವನಿಗೆ ದಿನಾ ನಡೆಯಿರಿ ಎಂದು ಹೇಳಿ ಕಳಿಸಿದರು. ನೀನು ಡಬ್ಬಿ ಡಬ್ಬಿಯಾಗಿ ಫ್ರೀಜರಿನಲ್ಲಿಟ್ಟು ಹೋದದ್ದು ಯಾವತ್ತೋ ಮುಗಿಯಿತು. ವೆಂಬ್ಲಿಯ ಹೋಟೆಲಿನಲ್ಲಿ ಊರಿಗೆಲ್ಲ ದೋಸೆ ಹೊಯ್ದವನು, ಆಮೇಲೆ ಪಾರ್ಕ್ ರಾಯಲ್ಲಿನ ಫ್ಯಾಕ್ಟರಿಯಲ್ಲಿ ಮನುಷ್ಯ ಇಳಿದು ಮೀಯಬಹುದಾದಂಥ ಪಾತ್ರೆಯಲ್ಲಿ ಚಟ್ನಿ ಕಲಸಿದವನು, ಈಗ ನನ್ನೊಬ್ಬನಿಗೋಸ್ಕರ ಒಲೆ ಹಚ್ಚಬೇಕೆಂದರೆ ಬೇಜಾರು. ಗಂಜಿ ಮತ್ತು ಮಿಡಿ ಉಪ್ಪಿನಕಾಯಿ. ಬೇಕೆನಿಸಿದರೆ ಒಂದು ಹಪ್ಪಳ. ನೀನು ಇದ್ದಾಗ ಮನೆ ಚಿಕ್ಕದು ಎಂದು ಗೊಣಗುತ್ತಿದ್ದೆನಲ್ಲ, ಈಗ ಇದೇ ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಎಂದು ಕೇಳಲು ಯಾರೂ ಇಲ್ಲ.

ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನಿನಗೆ ಆಶ್ಚರ್ಯವಾಗಿರಬೇಕು. ನಮ್ಮ ಗೆಳೆಯ ಲಕ್ಷ್ಮೀಶನ ಮಗ ಸಂಪತ್ ಆಫೀಸಿನ ಕೆಲಸದ ಮೇಲೆ ನಿಮ್ಮ ಪರ್ತ್‌ಗೆ ಬರುತ್ತಿದ್ದಾನೆ. ಮಗುವಿನ ಬಟ್ಟೆಗೆಂದು ನೀನು ಕೇಳಿದ್ದ ಅಮ್ಮನ ಹಳೆಯ ನೂಲಿನ ಸೀರೆಗಳನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಗೆದು, ಬಿಸಿಲಿಗೆ ಹಾಕಿ, ನನಗೆ ಬಂದ ಹಾಗೆ ಮಡಿಚಿದ್ದೇನೆ. ಲೇಹ್ಯ, ಮೆಂತೆ ಏನನ್ನೂ ಇಟ್ಟಿಲ್ಲ. ಆ ದೇಶದ ಏರ್‌ಪೋರ್ಟಿನಲ್ಲಿ ಬೀಜ, ಬೇರು, ಕಡ್ಡಿ ಕಂಡರೆ ಕಳ್ಳಸಾಗಣೆಯವರನ್ನು ಹಿಡಿದ ಹಾಗೆ ಹಿಡಿಯುತ್ತಾರೆ ಎಂದು ಸಂಪತ್ ಹೆದರಿ ಸಾಯುತ್ತಿದ್ದಾನೆ. ಸೀರೆಯ ಮಡಿಕೆಯ ನಡುವೆ ಈ ಕಾಗದ ಇದೆ. ಫೋನಿನಲ್ಲೇ ಹೇಳೋಣವೆಂದರೆ ನೀವು ಯಾವಾಗಲೂ ಸ್ಪೀಕರ್ ಹಾಕಿರುತ್ತೀರಿ, ಪಕ್ಕದಲ್ಲಿ ಪ್ರೇಕ್ಷಾ ಇರುತ್ತಾಳೆ. ಇದು ಅವಳು ಕೇಳುವ ಮೊದಲು ನೀನು ಕೇಳಬೇಕಾದ ವಿಷಯ. ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗು ಎಂದು ನೀನು ಹೇಳುತ್ತಿದ್ದೆ, ಶಿಫ್ಟು ಮುಗಿಸಿ ಬಂದವನಿಗೆ ನಿದ್ದೆ ಬೇಕಿತ್ತು. ಆ ಸೋಮಾರಿತನ ಈಗ ಉಪಯೋಗಕ್ಕೆ ಬಂತು ನೋಡು.

ಹೋದ ಭಾನುವಾರದ ಫೋನು ನೆನಪಿದೆಯಲ್ಲ. ನೀನು ಮಗುವನ್ನು ಎತ್ತಿಕೊಂಡು ಆಚೆ ಹೋದೆ, ಪ್ರೇಕ್ಷಾ ತಾನು ಆಫೀಸಿಗೆಂದು ಬರೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಹೊಸ ಹೆರಿಗೆ ಆಸ್ಪತ್ರೆಗೆ ಅವಳ ಆಫೀಸಿನವರು ಮಾಡುತ್ತಿರುವ ಲಾಂಛನ. ಒಂದು ಚಕ್ರ, ಅದರಲ್ಲಿ ಆರು ಪಾಲು, ಪಾಲಿಗೊಂದು ಗಿಡ. ಅಲ್ಲಿಯ ಮೂಲನಿವಾಸಿಗಳಾದ ನೂಂಗಾರ್ ಜನರಿಗೆ ವರ್ಷಕ್ಕೆ ಆರು ಕಾಲವಂತೆ. ಕ್ಯಾಲೆಂಡರ್ ನೋಡಿ ಕಾಲ ಬದಲಾಯಿಸುವವರಲ್ಲ ಅವರು; ಯಾವ ಹೂ ಬಿಟ್ಟಿತು, ಯಾವ ಹಕ್ಕಿ ಗೂಡಿಗೆ ಕೂತಿತು, ಗಾಳಿ ಯಾವ ಕಡೆಯದು ಎಂದು ನೋಡಿ, ಕಾಲ ಬಂತು ಎನ್ನುತ್ತಾರಂತೆ. ನಮ್ಮ ಮೊಮ್ಮಗಳು ಹುಟ್ಟಿದ್ದು ಮಕುರು ಎಂಬ ಕಾಲದಲ್ಲಿ, ಮಳೆ ಮತ್ತು ಚಳಿಯ ಕಾಲ. ನೀನು ಅಲ್ಲಿಂದಲೇ ಕೂಗಿ ಹೇಳಿದೆ, "ಹೋಯ್, ನಮ್ಮ ಆಸಾಡಿಯೇ ಅದ್, ಇಲ್ ಕಾಣಿ!" ಈ ಗಿಡಗಳನ್ನೆಲ್ಲ ಹೇಳಿಕೊಡುತ್ತಿರುವವರು ಜೋಯ್ಸ್ ಎಂಬ ನೂಂಗಾರ್ ಹಿರಿಯ ಹೆಂಗಸು. ಅವರಲ್ಲಿಯೂ ಹಿರಿಯರನ್ನು ಆಂಟಿ ಎಂದೇ ಕರೆಯುತ್ತಾರಂತೆ, ನಮ್ಮ ಕೆಂಟನ್ನಿನ ಮಕ್ಕಳು ಕರೆಯುವ ಹಾಗೆ. ಇದಿಷ್ಟು ನನಗೆ ಖುಷಿಯಾಗಿಯೇ ಇತ್ತು.

ಆಮೇಲೆ ಅವಳು ಮೊದಲ ಚಿತ್ರ ತೋರಿಸಿದಳು, ಆಂಟಿ ಜೋಯ್ಸ್ ಬೇಡವೆಂದದ್ದು. ಕ್ರಿಸ್‌ಮಸ್ ಹೊತ್ತಿಗೆ ಮೈತುಂಬ ಕಿತ್ತಳೆ ಬಣ್ಣದ ಹೂ ಬಿಡುವ ಮೂಜಾರ್ ಎಂಬ ಮರ ಅಲ್ಲಿದೆಯಂತೆ. ನೋಡಲು ಚಂದ ಎಂದು ನಮ್ಮ ಹುಡುಗಿ ಅದನ್ನೇ ಚಕ್ರದ ನಡುವೆ ಬರೆದಿದ್ದಳು. ಆಂಟಿ ಬೈಯಲಿಲ್ಲವಂತೆ, ಪಕ್ಕಕ್ಕೆ ಕರೆದು ಹೇಳಿದರಂತೆ: ಆ ಮರದಲ್ಲಿ ತೀರಿಹೋದವರು ಸ್ವಲ್ಪ ಹೊತ್ತು ಕೂತು ಮುಂದಕ್ಕೆ ಹೋಗುತ್ತಾರೆ, ಅದರ ಹೂವನ್ನು ನಾವು ಕೀಳುವುದಿಲ್ಲ, ಬೋರ್ಡಿಗೂ ಹಾಕುವುದಿಲ್ಲ. ಇದನ್ನು ಕೇಳಿ ನಾನು ನಕ್ಕೆ. ಚಿತ್ರ ಬರೆಯಲಿಕ್ಕೂ ಅಪ್ಪಣೆಯಾ, ವೆಂಬ್ಲಿಯ ಹೋಟೆಲಿನ ಗೋಡೆಗೆ ಪೇಂಟರು ಕೃಷ್ಣನನ್ನು ಬರೆದ, ಕೃಷ್ಣನನ್ನು ಯಾರು ಕೇಳಿದರು ಎಂದೆ. ಪ್ರೇಕ್ಷಾ ನಗಲಿಲ್ಲ. "ಅಪ್ಪಾ, ಲಿಸನ್" ಎಂದಳು. ಅವಳು ಹಾಗೆಂದರೆ ಇನ್ನು ನಾನು ಬಾಯಿ ಮುಚ್ಚಬೇಕು ಎಂದು ಅರ್ಥ.

ಆಂಟಿ ಅವಳನ್ನು ಕೇಳಿದರಂತೆ, ನಿಮ್ಮಲ್ಲಿ ಅಂಥ ಮರ ಯಾವುದು ಎಂದು. ನಮ್ಮ ಹುಡುಗಿ ಯೋಚಿಸಲೂ ಇಲ್ಲವಂತೆ. ನಮ್ಮ ಮನೆಯ ಹಿಂದೆ, ಬೇಲಿಯಾಚೆ, ರೈಲು ಹಳಿಯ ಪಕ್ಕದಲ್ಲಿದೆ ಎಂದಳಂತೆ. ತನ್ನ ಮಗುವಿನ ತೊಟ್ಟಿಲ ಬಟ್ಟೆಗೂ ಅವರ ಗಿಡಗಳನ್ನೇ ಬರೆಯಬೇಕೆಂದಿದ್ದಳಂತೆ ಇವಳು. ಹಾಗಾದರೆ ಮಗುವಿನ ತೊಟ್ಟಿಲಿಗೆ ನಮ್ಮ ಗಿಡ ಯಾಕೆ, ನಿನ್ನದನ್ನೇ ಬರೆ ಎಂದರಂತೆ ಆಂಟಿ. ನಮ್ಮ ಗಿಡಕ್ಕೆ ನಮ್ಮನ್ನು ಕೇಳಬೇಕು, ನಿನ್ನ ಮರಕ್ಕೂ ಕೇಳಬೇಕಾದವರು ಯಾರಾದರೂ ಇರುತ್ತಾರೆ, ಅವರನ್ನು ಕೇಳು ಎಂದೂ ಹೇಳಿದರಂತೆ. ಅದಕ್ಕೆ ಅವಳು ನನ್ನನ್ನು ಕೇಳಿದಳು. ಸಂದೇಶನ ಅಪ್ಪ-ಅಮ್ಮ ಊರಿನಿಂದ ಬಂದ ಮೇಲೆ ತೊಟ್ಟಿಲಿಗೆ ಹಾಕುವ ಶಾಸ್ತ್ರವಿದೆಯಲ್ಲ, ಆವತ್ತು ಹೊದೆಸುವ ಬಟ್ಟೆಯ ಮೇಲೆ ಆ ಮರವನ್ನು ಅಚ್ಚು ಹಾಕಬೇಕಂತೆ. ಚಿಗುರು, ಹೂವು, ಕಾಯಿ, ಬೋಳು ಕೊಂಬೆ ಎಂದು ನಾಲ್ಕು ಕಡೆ ನಾಲ್ಕು ಕಾಲ. "ಅದು ಅಜ್ಜಿಯ ಟ್ರೀ ಅಲ್ವಾ ಅಪ್ಪಾ, ಅಜ್ಜಿ ನಿನ್ನ ಅಮ್ಮ. ಸೋ ಯೂ ಹ್ಯಾವ್ ಟು ಸೇ ಯೆಸ್" ಎಂದಳು. ನಾನು ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನು ಇಟ್ಟೆ. ಆಮೇಲೆ ನೀನು ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ. ಇವರಿಗೆ ಮತ್ತೆ ಸಿಟ್ಟು ಬಂತು, ಎರಡು ದಿನ ಬಿಟ್ಟರೆ ಸರಿಯಾಗುತ್ತಾರೆ ಎಂದುಕೊಂಡಿರುತ್ತೀ. ಒಲೆಯ ಮೇಲೆ ಹಾಲು ಇರಲಿಲ್ಲ ಗುಲಾಬಿ. ಆ ಮರ ಈಗ ಇಲ್ಲ.

ನಾನೇ ಕಡಿಸಿದೆ. ಫೋನಿಗೆ ಮುಂಚಿನ ಮಂಗಳವಾರ, ಬ್ಯಾಂಕ್ ಹಾಲಿಡೇ ಮುಗಿದ ಮರುದಿನ, ಕೌನ್ಸಿಲಿನ ಆಳುಗಳು ಬಂದು ಕಡಿದು ಹೋದರು. ಇದು ಒಂದು ದಿನದ ಕೆಟ್ಟ ಬುದ್ಧಿಯಲ್ಲ. ನೀನು ಹೊರಟ ಮೇಲೆ ನನಗೆ ಹೊತ್ತು ಹೋಗಲಿಲ್ಲ. ಹಿತ್ತಲಲ್ಲಿ ಬಸಳೆ ಮಾಡೋಣವೆಂದು ಈಲಿಂಗ್ ರೋಡಿನಿಂದ ತಂದ ಬಸಳೆಯ ದಂಟು ಊರಿದೆ. ಬಿದಿರು ಸಿಗದೆ ಹಳೆ ಪರದೆಯ ರಾಡು ಕಟ್ಟಿ ಚಪ್ಪರ ಹಾಕಿದೆ. ಬಳ್ಳಿ ಬಂತು, ಆದರೆ ಸಣಕಲು, ಎಲೆ ಹಳದಿ. ಮಧ್ಯಾಹ್ನದ ಬಿಸಿಲನ್ನೆಲ್ಲ ಆ ಬೇಲಿಯಾಚೆಯ ಮರ ನುಂಗುತ್ತಿತ್ತು. ನನಗೆ ಅದರ ಮೇಲೆ ಮೊದಲಿನಿಂದಲೂ ಕೋಪ ಎಂದು ನಿನಗೆ ಗೊತ್ತು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ, ಒಗೆದು ಹರವಿದ ಬಿಳಿ ಪಂಚೆಯ ಮೇಲೆ ಹಕ್ಕಿಗಳ ಕೈಯಲ್ಲಿ ನೇರಳೆ ಕಲೆ ಮಾಡಿಸುವುದೊಂದೇ ಅದರ ಕೆಲಸ ಎಂದು ಬೈಯುತ್ತಿದ್ದೆ. ಕೌನ್ಸಿಲಿಗೆ ಫೋನು ಮಾಡಿದೆ. ಅವರು ನೋಡುತ್ತೇವೆ ಎಂದರು. ಮತ್ತೆ ಮಾಡಿದೆ. ಷೆಡ್ಡಿನ ಮೇಲೆ ಬೀಳುತ್ತದೆ ಎಂದೆ, ನರಿ ಬರುತ್ತದೆ ಎಂದೆ, ಎದೆ ಹಿಡಿದುಕೊಂಡ ಮುದುಕನ ಸ್ವರ ಕೂಡ ತೆಗೆದೆ. ಬೀದಿದೀಪ ಕೆಟ್ಟದ್ದಕ್ಕೆ ಎರಡು ಚಳಿಗಾಲ ಕಳೆದರೂ ಬಾರದ ಜನ, ಈ ಒಂದು ಕೆಲಸಕ್ಕೆ ಬಂದೇಬಿಟ್ಟರು. ಅವರದೇನೂ ತಪ್ಪಿಲ್ಲ, ನಾನು ಕೇಳಿದ್ದನ್ನು ಮಾಡಿಕೊಟ್ಟರು.

ಬಂದವರು ಒಳ್ಳೆಯ ಹುಡುಗರು. ನಾನು ಚಹಾ ಮಾಡಿಕೊಟ್ಟೆ, ಬಿಸ್ಕತ್ತು ಕೊಟ್ಟೆ, ಬೇಲಿಯ ಹತ್ತಿರ ನಿಂತು ಆ ಕೊಂಬೆಯನ್ನೂ ತೆಗೆಯಿರಿ, ಈ ಕೊಂಬೆಯನ್ನೂ ತೆಗೆಯಿರಿ ಎಂದು ಕೈ ತೋರಿಸಿದೆ. ಮರದ ತುಂಬ ಕಪ್ಪು ಕಾಯಿಯ ಗೊಂಚಲು ಇತ್ತು. ಅವರ ಯಂತ್ರ ಕೊಂಬೆ, ಎಲೆ, ಕಾಯಿ ಎಲ್ಲವನ್ನೂ ಒಂದು ಬಾಯಿಯಲ್ಲಿ ನುಂಗಿ ಇನ್ನೊಂದು ಕಡೆ ಪುಡಿ ಮಾಡಿ ಲಾರಿಗೆ ಉಗುಳಿತು. ಬುಡಕ್ಕೆ ಮತ್ತೆ ಚಿಗುರದ ಹಾಗೆ ಔಷಧ ಹಚ್ಚಲಾ ಎಂದು ಕೇಳಿದರು. ಚೆನ್ನಾಗಿ ಹಚ್ಚಿ ಎಂದೆ. ಅವರು ಹೋದ ಮೇಲೆ ಹಿತ್ತಲಲ್ಲಿ ಎಷ್ಟು ಬೆಳಕು ಅಂತೀ! ಅಡುಗೆಮನೆಯ ಪಾತ್ರೆಗಳೆಲ್ಲ ಹೊಳೆದವು. ಬಸಳೆಯ ಮೇಲೆ ಬಿಸಿಲು ಬಿತ್ತು. ನಿನಗೆ ತೋರಿಸೋಣವೆಂದು ಫೋಟೋ ಕೂಡ ತೆಗೆದಿಟ್ಟೆ. ಆ ನಾಲ್ಕೈದು ದಿನ ನಾನು ಸಂತೋಷವಾಗಿಯೇ ಇದ್ದೆ, ಇದನ್ನು ನಿನಗೆ ಮುಚ್ಚಿಟ್ಟರೆ ಪ್ರಯೋಜನವಿಲ್ಲ.

ಈಗ ಯೋಚಿಸಿದರೆ, ಆ ಮರ ಅಮ್ಮ, ನೀನು, ಪ್ರೇಕ್ಷಾ, ನಿಮ್ಮ ಮೂವರದು. ನಾನು ಆಗ ರಾತ್ರಿ ಶಿಫ್ಟು, ಹಗಲು ಪರದೆ ಎಳೆದು ಮಲಗುವವನು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಊರಿನಿಂದ ಕರೆದುಕೊಂಡು ಬಂದು ಆ ಅಡುಗೆಮನೆಯ ಕಿಟಕಿಯ ಮುಂದೆ ಕೂರಿಸಿದ್ದೇ ನನ್ನ ಮಾತೃಸೇವೆ. ಒಂದು ಅಕ್ಷರ ಇಂಗ್ಲಿಷ್ ಬಾರದ ಹೆಂಗಸು ಎಂದು ನಾನು ಮರುಗುತ್ತಿದ್ದೆ. ಆದರೆ ಅಮ್ಮ ಕೂತಲ್ಲೇ ಈ ಊರನ್ನು ಓದಿದ್ದಳು, ಆ ಒಂದು ಮರವನ್ನು ನೋಡಿ ನೋಡಿ. ಚಳಿಗಾಲ ಮುಗಿಯದೆಯೇ ಚಿಗುರಿದರೆ, "ಈ ಮರಕ್ಕೆ ನಾಚ್ಕಿ ಇಲ್ಲೆ, ಚಳಿ ಹೋಪುಕ್ ಮೊದ್ಲೇ ಹೊರ್ಟಿತ್" ಎಂದು ನಗುತ್ತಿದ್ದಳಂತೆ. ಬಿಳಿ ಹೂ ಬಂದ ದಿನ ಪ್ರೇಕ್ಷಾಳಿಗೆ, "ಹೂ ಬಂತ್ ಕಾಣ್ ಹೆಣ್ಣೇ, ಇನ್ ಕೋಟ್ ಬ್ಯಾಡ." ಕಾಯಿ ಕಪ್ಪಾದರೆ ಶಾಲೆಯ ಬಾಗಿಲು ತೆಗೆಯುತ್ತಾರೆ, ಎಲೆ ಉದುರಿದರೆ ಹೀಟರ್ ಹಾಕಬೇಕು. ಬಾಲವಾಡಿಯ ಮಕ್ಕಳು ಮಗ್ಗಿ ಕಲಿತ ಹಾಗೆ ನಮ್ಮ ಹುಡುಗಿ ಅದನ್ನು ಕಲಿತಿದ್ದಾಳೆ. ಅದನ್ನೇ ಅವಳು ಆಂಟಿಗೆ ಹೇಳಿದಳಂತೆ. ಆಂಟಿ, ನಿನ್ನ ಅಜ್ಜಿಗೆ ಕಣ್ಣಿತ್ತು ಎಂದರಂತೆ. ಫೋನಿನಲ್ಲಿ ಇದನ್ನು ಕೇಳುವಾಗ ನನಗಾದ ಸಂಕಟ ಹೇಳಲಾರೆ. ನನ್ನ ಅಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದು ಪರ್ತ್‌ನ ಒಬ್ಬ ಹೆಂಗಸಿಗೆ ಗೊತ್ತಿದೆ.

ಇನ್ನೊಂದಿದೆ. ಅಮ್ಮನ ಉತ್ತರಕ್ರಿಯೆ, ಬೊಜ್ಜದ ದಿನ. ಬಾಳೆಲೆಯಲ್ಲಿ ಎಡೆ ಬಡಿಸಿ ಷೆಡ್ಡಿನ ಮಾಡಿನ ಮೇಲಿಟ್ಟು ಕಾಗೆಗೆ ಕಾದೆವಲ್ಲ. ಕಾಗೆ ಬಂದು ಆ ಮರದ ಬೋಳು ಕೊಂಬೆಯಲ್ಲಿ ಕೂತಿತು, ಇಳಿಯಲೇ ಇಲ್ಲ. ಸತ್ತವರ ಆಸೆ ಏನೋ ಉಳಿದಿದೆ ಎಂದು ಲಕ್ಷ್ಮೀಶ ಹೇಳಿದ. ಒಬ್ಬೊಬ್ಬರೂ ಕೈಮುಗಿದು ಒಂದೊಂದು ಮಾತು ಕೊಟ್ಟೆವು. ಬೂದಿಯನ್ನು ಗಂಗೊಳ್ಳಿಗೆ ತೆಗೆದುಕೊಂಡು ಹೋಗಿ ಹೊಳೆ ಕಡಲು ಸೇರುವಲ್ಲೇ ಬಿಡುತ್ತೇನೆ ಎಂದು ನಾನು ಹೇಳಿದೆ. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಸೂಪರ್‌ವೈಸರನ ಫೋನು ಬಂತು, ಒಳಗೆ ಹೋದೆ. ಮರಳಿ ಬಂದಾಗ ಕಾಗೆ ಎಡೆ ತಿನ್ನುತ್ತಿತ್ತು. ನನ್ನ ಮಾತಿಗೆ ಅಮ್ಮ ಒಪ್ಪಿದಳು ಎಂದು ಅವತ್ತಿನಿಂದ ಎಷ್ಟು ಜನರಿಗೆ ಹೇಳಿದ್ದೇನೆ! ಲಕ್ಷ್ಮೀಶನ ಎದುರಿಗೇ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ! ಅವನೂ ಸುಮ್ಮನಿದ್ದ, ನೀನೂ ಸುಮ್ಮನಿದ್ದೆ. ಭಾನುವಾರ ಪ್ರೇಕ್ಷಾ ಎಲ್ಲರಿಗೂ ಗೊತ್ತಿರುವ ಮಾತಿನ ಹಾಗೆ ಹೇಳಿದಳು. ನಾನು ಒಳಗಿದ್ದಾಗ ಅವಳು ನಿನ್ನ ಸೆರಗು ಬಿಟ್ಟು ಮುಂದೆ ಹೋಗಿ, "ಅಜ್ಜಿ, ನಿನ್ ಟ್ರೀ ನಾನ್ ಕಾಣ್ಕಂತೆ, ಪ್ರಾಮಿಸ್" ಎಂದು, ಮರವನ್ನು ನೋಡಿಕೊಳ್ಳುವ ಮಾತು ಕೊಟ್ಟಳಂತೆ. ಕಾಗೆ ಆಗ ಇಳಿಯಿತಂತೆ. ಏಳು ವರ್ಷದ ಹುಡುಗಿ. ಗಂಗೊಳ್ಳಿಯ ಸಂಗಮವೂ ಬೇಡ, ನಾನೂ ಬೇಡ, ಅಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. ನೀನು ಯಾಕೆ ಒಂದು ದಿನವೂ ನನಗೆ ಹೇಳಲಿಲ್ಲ? ಹೇಳಿದ್ದರೆ ನನಗೆ ಬೇಜಾರಾಗುತ್ತದೆಂದು ಸುಮ್ಮನಾದೆ, ನನಗೆ ಗೊತ್ತು. ಹೇಳಬೇಕಿತ್ತು ಮಾರಾಯ್ತಿ.

ಪ್ರತಿವರ್ಷ ಮಹಾಲಯಕ್ಕೆ ಎಡೆ ಇಟ್ಟಾಗಲೂ ಕಾಗೆ ಮೊದಲು ಆ ಮರದಲ್ಲಿ ಕೂತು, ಕತ್ತು ಓರೆ ಮಾಡಿ ಒಮ್ಮೆ ನೋಡಿ, ಆಮೇಲೆ ಷೆಡ್ಡಿಗೆ ಇಳಿಯುತ್ತಿತ್ತು. ನಾನು ಅನ್ನ ನೋಡಿದೆ, ಕಾಗೆ ನೋಡಿದೆ, ಮರ ನೋಡಲಿಲ್ಲ. ನೀನು ಇಲ್ಲದ ಈ ವರ್ಷ ಎಡೆಯನ್ನು ನಾನೇ ಮಾಡಬೇಕಲ್ಲ, ಚೆನ್ನಾಗಿ ಮಾಡೋಣ ಎನಿಸಿತ್ತು. ಅಮ್ಮನಿಗೆ ಒಣಸಿಗಡಿ ಹಾಕಿದ ಬಸಳೆ ಎಂದರೆ ಪ್ರಾಣ. ಅಂಗಡಿಯ ಬಸಳೆ ಬೇಡ, ಈ ಸಲ ಮನೆಯ ಬಸಳೆಯನ್ನೇ ಬಡಿಸಬೇಕೆಂದು ಹಠ ಹಿಡಿದು ಮಾಡಿದ್ದು ಆ ಚಪ್ಪರ. ನಿನಗೆ ಹೇಳಿರಲಿಲ್ಲ, ಮಹಾಲಯದ ದಿನ ಎಲೆ ತುಂಬ ಬಡಿಸಿ ಫೋನಿನಲ್ಲಿ ತೋರಿಸಿ ನಿನ್ನ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕೆಂದಿದ್ದೆ. ಅಮ್ಮನ ಎಡೆಗೆ ಬಸಳೆ ಬೇಕೆಂದು ಅಮ್ಮ ಬಂದು ಕೂರುವ ಮರವನ್ನು ಕಡಿಸಿದೆ ಗುಲಾಬಿ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಲಕ್ಷ್ಮೀಶನಿಗೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅವನು ಒಂದು ಕಾಡುಮರಕ್ಕೆ ಇಷ್ಟು ಯಾಕೆ ಎಂದ. ಹೋದ ತಿಂಗಳು ಯಾರಾದರೂ ಹೇಳಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ.

ಭಾನುವಾರ ಫೋನಿಟ್ಟವನೇ ಬೇಲಿಯಾಚೆಯ ಓಣಿಗೆ ಹೋಗಿ ನೋಡಿದೆ. ಬುಡದಲ್ಲಿ ಔಷಧದ ನೀಲಿ ಬಣ್ಣ ಹಾಗೇ ಇದೆ. ಎಲ್ಲಾದರೂ ಒಂದು ಕೊಂಬೆ ಸಿಗುತ್ತದಾ, ನೆಟ್ಟರೆ ಬದುಕುತ್ತದಾ ಎಂದು ಹುಡುಕಿದೆ. ಬೇಲಿಯ ಬುಡದಲ್ಲಿ ಒಣಗಿದ ಕಾಯಿಯ ಒಂದು ಗೊಂಚಲು ಬಿಟ್ಟರೆ ಎಲ್ಲ ಗುಡಿಸಿಕೊಂಡು ಹೋಗಿದ್ದರು. ಅದನ್ನು ತಂದು ಕಿಟಕಿಯಲ್ಲಿಟ್ಟಿದ್ದೇನೆ. ಸೀರೆಯ ಜೊತೆ ಕಳಿಸೋಣವೆಂದರೆ ಸಂಪತ್ ಕೈಮುಗಿದ. ಮನೆಯ ಫೋಟೋಗಳನ್ನೆಲ್ಲ ಹರವಿ ನೋಡಿದೆ. ನಿನ್ನ ಫೋಟೋ ಇದೆ, ಪ್ರೇಕ್ಷಾಳ ಹುಟ್ಟುಹಬ್ಬಗಳಿವೆ, ನನ್ನ ಹಳೆಯ ಕಾರು ಕೂಡ ಇದೆ. ಮರ ಎಲ್ಲಿಯೂ ಪೂರ್ತಿಯಾಗಿಲ್ಲ, ಯಾರದೋ ಭುಜದ ಹಿಂದೆ ನಾಲ್ಕು ಎಲೆ ಅಷ್ಟೇ. ಅದರ ಹೂವಿಗೆ ಎಷ್ಟು ಎಸಳು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಇಷ್ಟು ವರ್ಷ ಅದರ ಎದುರಿಗೇ ಹಲ್ಲುಜ್ಜಿದ್ದೇನೆ.

ಈಗ ನೀನು ಹೇಳು ನಾನು ಏನು ಮಾಡಲಿ. ಬಾಣಂತಿಯ ಮನಸ್ಸು ಕೆಡಬಾರದು, ಹಾಲು ಹಿಂದಕ್ಕೆ ಹೋಗುತ್ತದೆ. ಅದಕ್ಕೇ ನನಗೆ ಹೆದರಿಕೆ. ಆದರೆ ಅವಳು ಅಪ್ಪಣೆಗೆ ಕಾಯುತ್ತಿದ್ದಾಳೆ, ನಾನು ಹೂಂ ಎನ್ನದೆ ಅವಳು ಬಣ್ಣ ಮುಟ್ಟುವುದಿಲ್ಲ ಎಂದು ನೀನು ಕಳಿಸಿದ ಮೆಸೇಜು ನೋಡಿದೆ. ಸುಮ್ಮನೆ ಹೂಂ ಎಂದುಬಿಡೋಣ, ಮರದ ಸುದ್ದಿ ಅವಳು ಇಲ್ಲಿಗೆ ಬಂದಾಗ ನೋಡಿಕೊಳ್ಳೋಣ ಎಂದು ಎರಡು ದಿನ ಯೋಚಿಸಿದೆ. ಗಾಳಿಗೆ ಬಿತ್ತು ಎಂದು ಹೇಳೋಣ ಎಂದೂ ಅನಿಸಿತು, ಇದು ನಿನಗೆ ಮಾತ್ರ ಹೇಳುತ್ತಿದ್ದೇನೆ. ಆಗುವುದಿಲ್ಲ. ಕಡಿಸಿದವನು ಅಪ್ಪಣೆ ಕೊಟ್ಟ ಮರವನ್ನು ನನ್ನ ಮೊಮ್ಮಗಳಿಗೆ ಹೊದೆಸಲು ನನಗೆ ಮನಸ್ಸಿಲ್ಲ. ನೀನು ಅವಳ ಪಕ್ಕದಲ್ಲಿರುವವಳು. ಮಗು ಹಾಲು ಕುಡಿದು ಮಲಗಿದ ಹೊತ್ತು ನೋಡಿ, ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಈ ಕಾಗದವನ್ನು ಓದಿ ಹೇಳು. ನನ್ನ ಪರವಾಗಿ ವಕಾಲತ್ತು ಮಾಡಬೇಡ. ಅವಳು ಬೈದರೆ ಬೈಯಲಿ, ಫೋನು ಮಾಡಿ ನನಗೇ ಬೈದರೆ ಇನ್ನೂ ಒಳ್ಳೆಯದು. ಈ ಸಲ ಹಾಲು ಉಕ್ಕುವುದಿಲ್ಲ. ಅಪ್ಪಣೆ ಕೊಡಲು ನಾನು ಯಾರೂ ಅಲ್ಲ. ಅಮ್ಮನಿಗೆ ಮಾತು ಕೊಟ್ಟವಳು ಅವಳು, ಬರೆಯುವುದು ಬಿಡುವುದು ಅವಳಿಗೆ ಸೇರಿದ್ದು. ಬರೆದರೆ ಒಂದನ್ನು ಕಾಗದದ ಮೇಲೆ ಬರೆದು ನನಗೂ ಕಳಿಸಲಿ. ಆ ಕಿಟಕಿಗೆ ಅಂಟಿಸಿಕೊಳ್ಳುತ್ತೇನೆ.

ಮೊಮ್ಮಗಳಿಗೆ ಮುದ್ದು, ಪ್ರೇಕ್ಷಾಳಿಗೂ ಸಂದೇಶನಿಗೂ ಆಶೀರ್ವಾದ. ಆಂಟಿ ಜೋಯ್ಸ್ ಅವರಿಗೆ ನನ್ನ ನಮಸ್ಕಾರ ಹೇಳು. ಅಪ್ಪಣೆಯಾ ಎಂದು ನಾನು ನಕ್ಕದ್ದು ಅವರ ಕಿವಿಗೆ ಬಿದ್ದಿರದಿದ್ದರೆ ಹೇಳಬೇಡ. ನೀನು ಭಾರ ಎತ್ತಬೇಡ. ಸಂಜೆ ತಣ್ಣಗಾದ ಮೇಲೆ ತಲೆಗೆ ಶಾಲು ಸುತ್ತಿಕೋ. ಬೇಗ ಬಾ ಎಂದು ಬರೆಯಲು ಹೊರಟಿದ್ದೆ, ಮಗುವಿನ ಮುಖ ನೆನಪಾಗಿ ನಿಲ್ಲಿಸಿದೆ. ನಿಧಾನವಾಗಿಯೇ ಬಾ.

ನಿನ್ನ,
ರಘುರಾಮ

ಮತ್ತೊಂದು ಮಾತು. ಸಂಪತ್ ಹೊರಗೆ ಕಾರಿನ ಹಾರನ್ ಒತ್ತುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಆಂಟಿಯನ್ನು ನನ್ನ ಹೆಸರು ಹೇಳಿಯೇ ಕೇಳು. ಅವರಲ್ಲಿ ಅಂಥ ಒಂದು ಮರವನ್ನು ಯಾರಾದರೂ ತಿಳಿಯದೆ ಕಡಿದರೆ, ಅದರಲ್ಲಿ ಬಂದು ಕೂರುತ್ತಿದ್ದವರು ಆಮೇಲೆ ಎಲ್ಲಿ ಕೂರುತ್ತಾರಂತೆ? ಕಡಿದವನು ಏನು ಮಾಡುತ್ತಾನಂತೆ? ಮಹಾಲಯದ ಒಳಗೆ ತಿಳಿಸು. ಇವತ್ತು ಬೆಳಿಗ್ಗೆ ಕಾಗೆ ಬಂದಿತ್ತು ಗುಲಾಬಿ. ಮರವಿದ್ದ ಜಾಗದಲ್ಲಿ ಸುತ್ತು ಹಾಕಿತು, ಮತ್ತೆ ಸುತ್ತು ಹಾಕಿತು. ಕರೆಯೋಣವೆಂದು ಬಾಯಿ ತೆರೆದೆ. ಕರೆದು ಎಲ್ಲಿ ಕೂರು ಎನ್ನಲಿ?